ಗೇಮ್ ಓಡಿಸಿದಾಗ ಪರದೆ ಹರಿದಂತೆ ಕಂಡರೆ ಮಾನಿಟರ್ ಕೆಟ್ಟಿದೆಯೇ?

ಯೂನಿಟಿಯಲ್ಲೋ ಗೊಡೊದಲ್ಲೋ ನಿಮ್ಮ ಮೊದಲ ಗೇಮ್ ಮಾಡುತ್ತಿದ್ದೀರಿ. ಪ್ಲೇ ಬಟನ್ ಒತ್ತಿ ಪಾತ್ರವನ್ನು ಎಡದಿಂದ ಬಲಕ್ಕೆ ಓಡಿಸುತ್ತೀರಿ. ನೋಡಿದರೆ ತಲೆ ಒಂದು ಕಡೆ, ಕಾಲು ಇನ್ನೊಂದು ಕಡೆ! ನಡುವೆ ಅಡ್ಡಲಾಗಿ ಕತ್ತರಿಸಿದಂತೆ ಚಿತ್ರ ಎರಡು ತುಂಡು. ಯಾರನ್ನಾದರೂ ಕೇಳಿದರೆ ‘ಗ್ರಾಫಿಕ್ಸ್ ಕಾರ್ಡ್ ಹೋಗಿದೆ’, ‘ಮಾನಿಟರ್ ಬದಲಿಸು’ ಎನ್ನುತ್ತಾರೆ. ಸಾವಿರಾರು ರೂಪಾಯಿ ಖರ್ಚು ಮಾಡುವ ಮೊದಲು ಸ್ವಲ್ಪ ತಾಳಿ. ಇದರ ಹೆಸರು ಸ್ಕ್ರೀನ್ ಟೇರಿಂಗ್. ಸಾಮಾನ್ಯವಾಗಿ ಇಲ್ಲಿ ಯಾವ ಭಾಗವೂ ಕೆಟ್ಟಿರುವುದಿಲ್ಲ, ಎರಡು ಸಾಧನಗಳ ನಡುವೆ ತಾಳ ತಪ್ಪಿರುತ್ತದೆ ಅಷ್ಟೆ.

ಚಿತ್ರ ಹರಿಯುವುದು ಏಕೆ?

60 ಹರ್ಟ್ಸ್ ಮಾನಿಟರ್ ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುತ್ತದೆ. ಅಂದರೆ ಒಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡ್. ಆದರೆ ಇಡೀ ಚಿತ್ರ ಒಮ್ಮೆಲೇ ಮೂಡುವುದಿಲ್ಲ, ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಮೂಡುತ್ತದೆ. ಗ್ರಾಫಿಕ್ಸ್ ಕಾರ್ಡ್ ತನ್ನದೇ ವೇಗದಲ್ಲಿ ಚಿತ್ರ ತಯಾರಿಸುತ್ತಿರುತ್ತದೆ. ದೃಶ್ಯ ಸರಳವಾಗಿದ್ದರೆ ಸೆಕೆಂಡಿಗೆ 200 ಚಿತ್ರಗಳನ್ನೂ ಕೊಡಬಹುದು.

ತರಗತಿಯಲ್ಲಿ ಬೋರ್ಡ್ ನೋಡಿ ನೋಟ್ಸ್ ಬರೆದುಕೊಳ್ಳುತ್ತಿದ್ದೀರಿ ಎಂದುಕೊಳ್ಳಿ. ನೀವು ಅರ್ಧಕ್ಕೆ ಬರುವಷ್ಟರಲ್ಲಿ ಮೇಷ್ಟ್ರು ಎಲ್ಲವನ್ನೂ ಅಳಿಸಿ ಮುಂದಿನ ಪಾಠ ಬರೆದುಬಿಟ್ಟರೆ? ನಿಮ್ಮ ಪುಟದ ಮೇಲರ್ಧದಲ್ಲಿ ಹಳೆಯ ಪಾಠ, ಕೆಳಗರ್ಧದಲ್ಲಿ ಹೊಸದು. ಟೇರಿಂಗ್‌ನಲ್ಲಿ ಆಗುವುದೂ ಇದೇ. ಮಾನಿಟರ್ ಅರ್ಧ ಚಿತ್ರ ತೋರಿಸುವಷ್ಟರಲ್ಲಿ ಗ್ರಾಫಿಕ್ಸ್ ಕಾರ್ಡ್ ಹೊಸ ಚಿತ್ರ ತಂದಿಡುತ್ತದೆ.

ಹಾರ್ಡ್‌ವೇರ್ ದೋಷವಲ್ಲ ಎಂದು ತಿಳಿಯುವುದು ಹೇಗೆ?

ದೃಶ್ಯದಲ್ಲಿ ಎಲ್ಲವನ್ನೂ ನಿಲ್ಲಿಸಿ ನೋಡಿ. ಟೇರಿಂಗ್ ಆಗಿದ್ದರೆ ಬಿರುಕು ಮಾಯವಾಗುತ್ತದೆ, ಏಕೆಂದರೆ ಹಳೆಯ ಚಿತ್ರವೂ ಹೊಸ ಚಿತ್ರವೂ ಒಂದೇ ಆಗಿರುತ್ತವೆ. ಏನೂ ಚಲಿಸದಿದ್ದಾಗಲೂ ಗೆರೆ ಹಾಗೆಯೇ ಉಳಿದರೆ ಆಗ ಕೇಬಲ್, ಮಾನಿಟರ್, ಗ್ರಾಫಿಕ್ಸ್ ಕಾರ್ಡ್‌ಗಳನ್ನು ಪರೀಕ್ಷಿಸಬೇಕು. ಸ್ಕ್ರೀನ್‌ಶಾಟ್ ತೆಗೆದರೂ ಟೇರಿಂಗ್ ಸಾಮಾನ್ಯವಾಗಿ ಸಿಗುವುದಿಲ್ಲ. ಮೆಮೊರಿಯಲ್ಲಿ ಚಿತ್ರ ಸರಿಯಾಗಿಯೇ ಇರುತ್ತದೆ, ಪರದೆಗೆ ಹೋಗುವಾಗ ಮಾತ್ರ ಹರಿಯುತ್ತದೆ.

ಪರಿಹಾರ ಏನು?

ಪರಿಹಾರದ ಹೆಸರು ವಿ-ಸಿಂಕ್. ಮಾನಿಟರ್ ಒಂದು ಚಿತ್ರ ಮುಗಿಸಿ ಮತ್ತೆ ಮೇಲಿನ ಸಾಲಿಗೆ ಹೋಗುವ ಪುಟ್ಟ ಬಿಡುವಿನಲ್ಲಿ ಮಾತ್ರ ಹೊಸ ಚಿತ್ರ ಕೊಡಬೇಕು ಎಂಬುದೇ ಇದರ ನಿಯಮ.

ಯೂನಿಟಿಯಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ‘ಕ್ವಾಲಿಟಿ’ ವಿಭಾಗಕ್ಕೆ ಹೋಗಿ ‘ವಿಸಿಂಕ್ ಕೌಂಟ್’ ಅನ್ನು ‘ಎವ್ರಿ ವಿ ಬ್ಲ್ಯಾಂಕ್’ ಮಾಡಿ. ಹಲವರು ಎಡವುವುದು ಇಲ್ಲೇ. ಇದು ಗೇಮ್‌ನ ಸೆಟ್ಟಿಂಗ್. ಎಡಿಟರ್‌ನೊಳಗಿನ ಗೇಮ್ ವ್ಯೂಗೆ ಪ್ರತ್ಯೇಕ ವಿ-ಸಿಂಕ್ ಆಯ್ಕೆ ಇದ್ದು, ರೆಸಲ್ಯೂಶನ್ ಆರಿಸುವ ಮೆನುವಿನಲ್ಲಿ ಸಿಗುತ್ತದೆ. ಹಾಗಾಗಿ ಎಡಿಟರ್‌ನಲ್ಲಿ ಕಂಡದ್ದನ್ನೇ ನಂಬದೆ, ಗೇಮ್ ಬಿಲ್ಡ್ ಮಾಡಿ ಪೂರ್ಣಪರದೆಯಲ್ಲಿ ಓಡಿಸಿ ನೋಡಿ. ಗೊಡೊ 4ರಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ‘ಡಿಸ್‌ಪ್ಲೇ’, ‘ವಿಂಡೋ’ ಅಡಿಯಲ್ಲಿ ವಿ-ಸಿಂಕ್ ಮೋಡ್ ಇದೆ. ಇಷ್ಟಾದರೂ ಸರಿಹೋಗದಿದ್ದರೆ ಗ್ರಾಫಿಕ್ಸ್ ಡ್ರೈವರ್‌ನ ಕಂಟ್ರೋಲ್ ಪ್ಯಾನೆಲ್ ತೆರೆಯಿರಿ. ಅಲ್ಲಿ ವಿ-ಸಿಂಕ್ ‘ಆಫ್’ ಆಗಿದ್ದರೆ ಗೇಮ್‌ನ ಮಾತು ನಡೆಯದು.

ಫ್ರೇಮ್ ರೇಟ್ 60ಕ್ಕೆ ನಿಲ್ಲಿಸಿದರೆ ಸಾಲದೇ?

ಸಾಲದು. ಇಬ್ಬರು ಒಂದೇ ವೇಗದಲ್ಲಿ ನಡೆದರೂ ಹೆಜ್ಜೆ ಒಟ್ಟಿಗೇ ಬೀಳಬೇಕೆಂದಿಲ್ಲ. ಸಂಖ್ಯೆ ಹೊಂದಿದರೂ ಕ್ಷಣ ಹೊಂದದಿದ್ದರೆ ಬಿರುಕು ಉಳಿಯುತ್ತದೆ, ಕೆಲವೊಮ್ಮೆ ನಿಧಾನವಾಗಿ ಮೇಲೆ ಕೆಳಗೆ ಜಾರುತ್ತದೆ. ಅಂದಹಾಗೆ, ಯೂನಿಟಿಯ ಡೆಸ್ಕ್‌ಟಾಪ್ ಗೇಮ್‌ಗಳಲ್ಲಿ ವಿ-ಸಿಂಕ್ ಆನ್ ಇದ್ದರೆ ‘ಟಾರ್ಗೆಟ್ ಫ್ರೇಮ್ ರೇಟ್’ ಲೆಕ್ಕಕ್ಕೇ ಬರುವುದಿಲ್ಲ.

ವಿ-ಸಿಂಕ್‌ನಿಂದ ತೊಂದರೆಯೇ ಇಲ್ಲವೇ?

ಇದೆ. ಚಿತ್ರ ತನ್ನ ಸರದಿಗೆ ಕಾಯುವುದರಿಂದ, ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ನಡುವೆ ತುಸು ವಿಳಂಬ ಹೆಚ್ಚುತ್ತದೆ. ಚಿತ್ರವೊಂದು 16.7ರ ಬದಲು 18 ಮಿಲಿಸೆಕೆಂಡ್ ತೆಗೆದುಕೊಂಡರೆ ಬಸ್ ತಪ್ಪಿದಂತೆ ಮುಂದಿನ ಸರದಿವರೆಗೆ ಕಾಯಬೇಕು. ಹೀಗೆ ಪದೇ ಪದೇ ಆದರೆ ವೇಗ 60ರಿಂದ 30ಕ್ಕೆ ಕುಸಿಯಬಹುದು. ಜಿ-ಸಿಂಕ್, ಫ್ರೀಸಿಂಕ್ ಇರುವ ಮಾನಿಟರ್‌ಗಳು ಗ್ರಾಫಿಕ್ಸ್ ಕಾರ್ಡ್‌ನ ವೇಗಕ್ಕೆ ತಾವೇ ಹೊಂದಿಕೊಂಡು ಈ ಸಮಸ್ಯೆ ತಗ್ಗಿಸುತ್ತವೆ. ಆದರೆ ಗೇಮ್ ಕಲಿಯಲು ಅದೇ ಬೇಕೆಂದೇನಿಲ್ಲ.

ವಿ-ಸಿಂಕ್ ಆನ್ ಮಾಡಿದೊಡನೆ ನಿಮ್ಮ ಪಾತ್ರವೇ ನಿಧಾನವಾಯಿತೇ? ಹಾಗಾದರೆ ಪ್ರತಿ ಫ್ರೇಮ್‌ಗೆ ಇಂತಿಷ್ಟು ದೂರ ಎಂದು ಕೋಡ್ ಬರೆದಿದ್ದೀರಿ. ವೇಗವನ್ನು ‘ಡೆಲ್ಟಾ ಟೈಮ್’ನಿಂದ ಗುಣಿಸಿ. ಆಗ 60 ಹರ್ಟ್ಸ್‌ನಲ್ಲೂ 144 ಹರ್ಟ್ಸ್‌ನಲ್ಲೂ ಪಾತ್ರ ಒಂದೇ ವೇಗದಲ್ಲಿ ಓಡುತ್ತದೆ.

ಕೊನೆಯದಾಗಿ, ನಿಮ್ಮ ಗೇಮ್‌ನ ಸೆಟ್ಟಿಂಗ್ಸ್‌ನಲ್ಲಿ ವಿ-ಸಿಂಕ್ ಆನ್-ಆಫ್ ಆಯ್ಕೆಯನ್ನು ಆಡುವವರಿಗೂ ಕೊಡಿ. ಕೆಲವರಿಗೆ ಒಡೆಯದ ಚಿತ್ರ ಮುಖ್ಯ, ಇನ್ನು ಕೆಲವರಿಗೆ ಬಟನ್ ಒತ್ತಿದೊಡನೆ ಸಿಗುವ ಪ್ರತಿಕ್ರಿಯೆ.