ದಾಖಲೆ ಮಳೆಗೆ ವಯಸ್ಸೆಷ್ಟು?

2024ರ ಜೂನ್ 2ರಂದು ಬೆಂಗಳೂರಿನಲ್ಲಿ 111.1 ಮಿ.ಮೀ. ಮಳೆ ಸುರಿದು, ಜೂನ್ ತಿಂಗಳ ಒಂದೇ ದಿನದ ಮಳೆಯಲ್ಲಿ 1891ರ 101.6 ಮಿ.ಮೀ. ದಾಖಲೆ ಮುರಿಯಿತು. 1891ರಲ್ಲಿ ಯಾರೋ ಮಾಪಕದ ನೀರನ್ನು ಅಳೆದು ಬರೆದಿಟ್ಟಿದ್ದರಿಂದಲೇ ಈ ಸುದ್ದಿಗೆ ತೂಕ ಬಂತು. ಆ ಕೈಗಳಿಗೆ ನಾನು ಋಣಿ.

ಮೊನ್ನೆ ಮೊನ್ನೆ ಕೂರಿಸಿದ ಮಾಪಕದಲ್ಲೂ ‘ದಾಖಲೆ ಮಳೆ’ ಆಗುತ್ತದೆ. ಹವಾಮಾನ ಎಳ್ಳಷ್ಟೂ ಬದಲಾಗದಿದ್ದರೂ, ಹತ್ತು ವರ್ಷಗಳ ಲೆಕ್ಕದಲ್ಲಿ ಕೊನೆಯ ವರ್ಷವೇ ಅತಿ ಹೆಚ್ಚು ಮಳೆಯದಾಗುವ ಸಾಧ್ಯತೆ ಹತ್ತರಲ್ಲಿ ಒಂದು. ನೂರು ವರ್ಷಗಳ ಲೆಕ್ಕವಿದ್ದರೆ ನೂರರಲ್ಲಿ ಒಂದು. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಈಗ ಸಾವಿರಾರು ಸ್ವಯಂಚಾಲಿತ ಮಳೆಮಾಪಕಗಳಿವೆ. ಅವುಗಳಲ್ಲಿ ಒಂದು ಸಾವಿರ ಮಾಪಕಗಳಿಗೆ ಈ ವರ್ಷ ಹತ್ತು ತುಂಬಿತೆನ್ನಿ. ಸುಮಾರು ನೂರು ಊರುಗಳಲ್ಲಿ ದಾಖಲೆ ಮುರಿಯುವುದು ಬರೀ ಲೆಕ್ಕದ ಆಟ.

ಸರಾಸರಿಯದೂ ಇದೇ ಪಾಡು. ಒಂದೂರಿನ ಮಳೆ ವರ್ಷದಿಂದ ವರ್ಷಕ್ಕೆ ಶೇ 30ರಷ್ಟು ಹಿಂದೆಮುಂದೆ ಆಗುತ್ತದೆ ಎಂದಿಟ್ಟುಕೊಳ್ಳಿ. 5 ವರ್ಷಗಳ ಸರಾಸರಿ ಶೇ 13ರಷ್ಟು ತಪ್ಪಿರಬಹುದು, 30 ವರ್ಷಗಳದು ಶೇ 5.5, 100 ವರ್ಷಗಳದು ಶೇ 3. ತಪ್ಪು ಅರ್ಧಕ್ಕಿಳಿಯಬೇಕಾದರೆ ದಾಖಲೆ ನಾಲ್ಕು ಪಟ್ಟು ಬೆಳೆಯಬೇಕು. 1935ರಲ್ಲಿ ವಾರ್ಸಾದಲ್ಲಿ ಸೇರಿದ ಹವಾಮಾನ ತಜ್ಞರು 30 ವರ್ಷಗಳ ಅಳತೆಗೋಲನ್ನು ಒಪ್ಪಿ, 1901ರಿಂದ 1930ರ ಅವಧಿಯನ್ನು ಮೊದಲ ಮಾನದಂಡ ಮಾಡಿಕೊಂಡರು.

ನಮ್ಮ ಮುಂಗಾರಿಗೆ ಅದೂ ಸಾಲದು. ಮಳೆ ಚೆನ್ನಾಗಿ ಬರುವ ದಶಕಗಳು, ಬಡವಾಗುವ ದಶಕಗಳು ಗುಂಪುಗುಂಪಾಗಿ ಬರುತ್ತವೆ. 30 ವರ್ಷಗಳು ಒಂದೇ ಗುಂಪಿಗೆ ಬಿದ್ದರೆ ಸರಾಸರಿ ವಾಲುತ್ತದೆ. ಹಾಗಾಗಿ ಭಾರತೀಯ ಹವಾಮಾನ ಇಲಾಖೆ ಮುಂಗಾರಿನ ಸರಾಸರಿಗೆ 50 ವರ್ಷ ಹಿಡಿಯುತ್ತದೆ. 1961–2010ರ ಸರಾಸರಿ 880.6 ಮಿ.ಮೀ.; 1971–2020ರದು 868.6. ಹತ್ತು ವರ್ಷ ಮುಂದೆ ಸರಿದದ್ದಕ್ಕೆ 12 ಮಿ.ಮೀ. ಇಳಿದಿದೆ. ‘ವಾಡಿಕೆಗಿಂತ ಕಡಿಮೆ’ ಎಂಬ ವರದಿ ಓದಿದಾಗ ಯಾವ ವರ್ಷಗಳ ವಾಡಿಕೆ ಎಂದು ಕೇಳಲೇಬೇಕು.

ಉದ್ದವಿದ್ದ ಮಾತ್ರಕ್ಕೆ ದಾಖಲೆ ನೆಟ್ಟಗಿರುತ್ತದೆ ಎಂದೂ ಅಲ್ಲ. ಮಾಪಕದ ಪಕ್ಕದ ಸಸಿ ಮರವಾಗಿ ಹನಿಗಳನ್ನು ತಡೆಯುತ್ತದೆ, ಕಚೇರಿ ಬೇರೆ ಬೀದಿಗೆ ಹೋಗುತ್ತದೆ. ಅಂಥ ಊರಿನ ಮಳೆಯನ್ನು ವರ್ಷ ವರ್ಷ ಕೂಡಿಸುತ್ತಾ ಹೋಗಿ, ನೆರೆಯೂರುಗಳ ಮೊತ್ತದೊಂದಿಗೆ ಗೆರೆ ಎಳೆದರೆ, ಎಡವಟ್ಟಾದ ವರ್ಷದಲ್ಲಿ ಗೆರೆ ಬಾಗುತ್ತದೆ. ಹೊಲದಂಚಿನಲ್ಲಿ ಸ್ವಂತ ಮಾಪಕ ಇಟ್ಟುಕೊಂಡವರು ಅದನ್ನು ಸರಿಸಿದ ದಿನವನ್ನೂ ಮಳೆಯ ಪುಸ್ತಕದಲ್ಲೇ ಬರೆದಿಡಿ. ಹೊಸದು ತಂದರೆ ಒಂದೆರಡು ಮಳೆಗಾಲ ಹಳೆಯದೂ ಜೊತೆಗಿರಲಿ.