ಗಡ್ಡೆಯ ಸಕ್ಕರೆ ಹಸಿವಿಗೆ ಕಡಿವಾಣ

ಸಕ್ಕರೆ ಕರಗಿಸುವ ಕಿಣ್ವಗಳನ್ನು ತಡೆದು ಕ್ಯಾನ್ಸರ್ ಮಣಿಸುವ ಯತ್ನದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ಗೂ ಪಾಲಿದೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ರೋಗಿಗೆ ಈ ವಿಜ್ಞಾನ ಹೇಳುವುದೇನು?

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ಗೊತ್ತಾದರೆ ಸಾಕು, ಸಲಹೆಗಳು ಶುರುವಾಗುತ್ತವೆ: ‘ಸಕ್ಕರೆ, ಬೆಲ್ಲ ಬಿಡಿಸಿ. ಅನ್ನ ಕಡಿಮೆ ಮಾಡಿ. ಗಡ್ಡೆಗೆ ಅದೇ ಆಹಾರ.’ ಭತ್ತದ ನಾಡಾದ ಸಿರುಗುಪ್ಪದಲ್ಲಿ ಅನ್ನ ಬಿಡುವುದೆಂದರೆ ಊಟವನ್ನೇ ಬಿಟ್ಟಂತೆ. ಈ ಸಲಹೆಯ ಹಿಂದೆ ನಿಜವಾದ ವಿಜ್ಞಾನದ ಎಳೆಯೊಂದಿದೆ. ಆದರೆ ಆ ವಿಜ್ಞಾನ ರೋಗಿಯ ತಟ್ಟೆ ಬರಿದು ಮಾಡಿ ಎನ್ನುವುದಿಲ್ಲ.

ವಾರ್‌ಬರ್ಗ್ ಕಂಡದ್ದು

1920ರ ದಶಕದಲ್ಲಿ ಜರ್ಮನಿಯ ಒಟ್ಟೊ ವಾರ್‌ಬರ್ಗ್ ಒಂದು ವಿಚಿತ್ರ ಸಂಗತಿ ಗಮನಿಸಿದರು. ಗಡ್ಡೆಯ ಕೋಶಗಳು ಗ್ಲೂಕೋಸನ್ನು ವಿಪರೀತವಾಗಿ ಹೀರುತ್ತವೆ. ಸಾಕಷ್ಟು ಆಮ್ಲಜನಕವಿದ್ದರೂ ಅದನ್ನು ಪೂರ್ತಿ ಉರಿಸದೆ ಲ್ಯಾಕ್ಟಿಕ್ ಆಮ್ಲವಾಗಿ ಹೊರಹಾಕುತ್ತವೆ. ಹೀಗೆ ಸಿಗುವ ಶಕ್ತಿ ತೀರಾ ಕಡಿಮೆ. ಆದರೂ ಈ ದಾರಿ ಏಕೆ? ವೇಗವಾಗಿ ಇಬ್ಭಾಗವಾಗುವ ಕೋಶಕ್ಕೆ ಶಕ್ತಿಯಷ್ಟೇ ಸಾಲದು. ಹೊಸ ಡಿಎನ್‌ಎ, ಹೊಸ ಪೊರೆ ಕಟ್ಟಲು ಸರಕೂ ಬೇಕು. ಗ್ಲೂಕೋಸ್ ಒಡೆಯುವ ಹಾದಿಯಲ್ಲೇ ಆ ಸರಕು ಸಿಗುತ್ತದೆ.

ಈ ಹಾದಿಯ ಒಂದೊಂದು ಹೆಜ್ಜೆಗೂ ಒಂದೊಂದು ಕಿಣ್ವವಿದೆ. ಮೊದಲ ಹೆಜ್ಜೆ ಹೆಕ್ಸೊಕೈನೇಸ್‌ನದು. ಕೊನೆಯಲ್ಲಿ ಲ್ಯಾಕ್ಟಿಕ್ ಆಮ್ಲ ಮಾಡುವುದು ಎಲ್‌ಡಿಹೆಚ್. ಅನೇಕ ಗಡ್ಡೆಗಳಲ್ಲಿ ಇವೆರಡೂ ಅತಿಯಾಗಿರುತ್ತವೆ. ಇವನ್ನು ತಡೆದರೆ ಗಡ್ಡೆ ಸೊರಗೀತು ಎಂಬುದೇ ಈ ಚಿಕಿತ್ಸೆಯ ಮೂಲ ವಿಚಾರ.

ನಿಮ್ಹಾನ್ಸ್‌ನ ಪ್ರಯೋಗ

2021ರ ಕೋವಿಡ್ ದಿನಗಳಲ್ಲಿ ಡಿಆರ್‌ಡಿಒದ ‘2-ಡಿಜಿ’ ಪುಡಿಯ ಹೆಸರು ಮನೆಮನೆಗೂ ತಲುಪಿತು. ಅದರ ಕಥೆ ಶುರುವಾದದ್ದು ಕೋವಿಡ್‌ನಿಂದಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್‌ನಲ್ಲಿ ವಿ.ಕೆ. ಜೈನ್ ಮತ್ತು ಬಿ.ಎಸ್. ದ್ವಾರಕಾನಾಥ್ ಮಿದುಳು ಗಡ್ಡೆಯ ತುಣುಕುಗಳನ್ನು ಪ್ರಯೋಗಾಲಯದಲ್ಲಿ ಜೀವಂತ ಇಟ್ಟು, 2-ಡಿಜಿ ಕೊಟ್ಟು ವಿಕಿರಣಕ್ಕೆ ಒಡ್ಡಿದ್ದರು. ಗಡ್ಡೆಗೆ ವಿಕಿರಣದ ಪೆಟ್ಟು ಹೆಚ್ಚಾಗಿ ತಗಲಿತು.

2-ಡಿಜಿ ನೋಡಲು ಗ್ಲೂಕೋಸಿನಂತೆಯೇ ಇರುವ ಅಣು. ಕೋಶ ಮೋಸಹೋಗಿ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಹೆಕ್ಸೊಕೈನೇಸ್ ಅದಕ್ಕೆ ಫಾಸ್ಫೇಟ್ ಜೋಡಿಸುತ್ತದೆ. ಅಲ್ಲಿಂದ ಮುಂದೆ ಅದು ಸಾಗದು. ಒಳಗೇ ಸಂಗ್ರಹವಾಗಿ ದಾರಿಗೆ ಅಡ್ಡ ನಿಲ್ಲುತ್ತದೆ. ವಿಕಿರಣದ ಏಟು ತಿಂದ ಕೋಶಕ್ಕೆ ತನ್ನನ್ನು ದುರಸ್ತಿ ಮಾಡಿಕೊಳ್ಳಲು ಶಕ್ತಿ ಸಾಲದಾಗುತ್ತದೆ. ಮಿದುಳಿನ ಗ್ಲಯೋಮಾ ಗಡ್ಡೆ ಇದ್ದ 20 ರೋಗಿಗಳಿಗೆ ವಿಕಿರಣದೊಂದಿಗೆ 2-ಡಿಜಿ ಕೊಟ್ಟ ಆರಂಭಿಕ ಪರೀಕ್ಷೆಯ ವರದಿ 1996ರಲ್ಲಿ ಪ್ರಕಟವಾಯಿತು.

ಪೆಟ್ ಸ್ಕ್ಯಾನ್ ಕೆಲಸ ಮಾಡುವುದೂ ಇದೇ ಗುಟ್ಟಿನಿಂದ. ಅಲ್ಲಿ ಚುಚ್ಚುವ ಎಫ್‌ಡಿಜಿ ಎಂದರೆ ವಿಕಿರಣಶೀಲ ಫ್ಲೋರಿನ್ ಅಂಟಿಸಿದ ಗ್ಲೂಕೋಸ್. ಅದನ್ನು ಹೆಚ್ಚು ಹೀರಿದ ಜಾಗ ಚಿತ್ರದಲ್ಲಿ ಹೊಳೆಯುತ್ತದೆ.

ಯಾವ ತೂಬು ಮುಚ್ಚಬೇಕು?

ಇಷ್ಟಿದ್ದರೂ 2-ಡಿಜಿ ಇಂದಿಗೂ ಕ್ಯಾನ್ಸರಿನ ನಿತ್ಯದ ಚಿಕಿತ್ಸೆಗೆ ಸೇರಿಲ್ಲ. ತುಂಗಭದ್ರಾ ಕಾಲುವೆಯ ರೈತರಿಗೆ ಕಾರಣ ಬೇಗ ಅರ್ಥವಾದೀತು. ಒಂದು ಹೊಲದ ಕಳೆ ಒಣಗಿಸಲೆಂದು ಮೇಲಿನ ತೂಬನ್ನೇ ಮುಚ್ಚಿದರೆ ಕೊನೆ ಭಾಗದ ಭತ್ತವೂ ಒಣಗುತ್ತದೆ. ಮಿದುಳು ಬದುಕಿರುವುದೇ ಗ್ಲೂಕೋಸಿನ ಮೇಲೆ. 2-ಡಿಜಿ ಪ್ರಮಾಣ ಏರಿದಂತೆ ಬೆವರು, ತಲೆಸುತ್ತು, ವಾಕರಿಕೆ ಕಾಣಿಸಿಕೊಳ್ಳುತ್ತವೆ. ಮೇಲಾಗಿ, ಗ್ಲೂಕೋಸ್ ಸಿಗದಿದ್ದರೆ ಗಡ್ಡೆ ಗ್ಲುಟಮಿನ್, ಕೊಬ್ಬುಗಳತ್ತ ತಿರುಗಿಕೊಳ್ಳುತ್ತದೆ.

ಗೆಲುವು ಸಿಕ್ಕಿದ್ದು ಗಡ್ಡೆಯಲ್ಲಷ್ಟೇ ಕೆಟ್ಟಿರುವ ಕಿಣ್ವವನ್ನು ಹಿಡಿದಾಗ. ಸಕ್ಕರೆ ಉರಿಯುವ ಹಾದಿಯಲ್ಲಿ ಮುಂದೆ ಬರುವ ಐಡಿಹೆಚ್ ಎಂಬ ಕಿಣ್ವ ಕೆಲವು ರಕ್ತ ಕ್ಯಾನ್ಸರ್ ಮತ್ತು ಮಿದುಳು ಗಡ್ಡೆಗಳಲ್ಲಿ ರೂಪಾಂತರಗೊಂಡು ಕೋಶವನ್ನು ದಾರಿ ತಪ್ಪಿಸುವ ರಾಸಾಯನಿಕ ತಯಾರಿಸುತ್ತದೆ. ಅದನ್ನು ತಡೆಯುವ ಎನಾಸಿಡೆನಿಬ್ ಮತ್ತು ಐವೊಸಿಡೆನಿಬ್ ಔಷಧಗಳಿಗೆ ಅಮೆರಿಕದಲ್ಲಿ 2017 ಮತ್ತು 2018ರಲ್ಲಿ ಒಪ್ಪಿಗೆ ಸಿಕ್ಕಿತು, ವೊರಾಸಿಡೆನಿಬ್‌ಗೆ 2024ರಲ್ಲಿ. ನಿಧಾನವಾಗಿ ಬೆಳೆಯುವ ಗ್ಲಯೋಮಾ ಇದ್ದವರಲ್ಲಿ ರೋಗ ಉಲ್ಬಣಿಸದೆ ಇದ್ದ ಮಧ್ಯಕ ಅವಧಿ ಈ ಮಾತ್ರೆಯಿಂದ 27.7 ತಿಂಗಳು, ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ 11.1 ತಿಂಗಳು. ಕಿಣ್ವದ ರೂಪಾಂತರ ಪರೀಕ್ಷೆಯಲ್ಲಿ ಖಚಿತವಾದವರಿಗೆ ಮಾತ್ರ ಈ ಔಷಧಗಳು.

ತಟ್ಟೆಯ ಅನ್ನ ಕಸಿಯಬೇಡಿ

ಕಿಣ್ವ ತಡೆಯುವುದು ಬೇರೆ, ಉಪವಾಸ ಕೆಡವುವುದು ಬೇರೆ. ಅನ್ನ ಬಿಟ್ಟರೂ ಯಕೃತ್ತು ದೇಹದ ಸ್ನಾಯು ಕರಗಿಸಿ ಗ್ಲೂಕೋಸ್ ಮಾಡುತ್ತಲೇ ಇರುತ್ತದೆ. ಸೊರಗುವುದು ರೋಗಿ, ಗಡ್ಡೆಯಲ್ಲ. ತೂಕ ಇಳಿದವರಿಗೆ ಕಿಮೊ, ವಿಕಿರಣ ತಾಳಿಕೊಳ್ಳುವುದು ಕಷ್ಟ. ಮಧುಮೇಹವಿದ್ದರೆ ಸಕ್ಕರೆ ಹಿಡಿತದಲ್ಲಿರಲಿ. ಉಳಿದಂತೆ ಅನ್ನ, ರೊಟ್ಟಿ, ಬೇಳೆ, ಮೊಟ್ಟೆ, ಹಾಲು ವೈದ್ಯರ ಸಲಹೆಯಂತೆ ಹೊಟ್ಟೆ ತುಂಬ ಸಿಗಲಿ.

ಬಾಯಲ್ಲಿ ಮಾಯದ ಹುಣ್ಣು, ಸ್ತನದಲ್ಲಿ ಗಂಟು, ಕಾರಣವಿಲ್ಲದ ರಕ್ತಸ್ರಾವ ಕಂಡರೆ ಪಥ್ಯ ಹುಡುಕುತ್ತ ದಿನ ಕಳೆಯಬೇಡಿ. ಸಿರುಗುಪ್ಪ, ಕುರುಗೋಡಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಅಲ್ಲಿಂದ ಮುಂದೆ, ಜನ ಈಗಲೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ನೆರವಿದೆ. ಗಡ್ಡೆಯ ಸಕ್ಕರೆ ತಡೆಯುವ ಕೆಲಸ ಔಷಧಕ್ಕೆ ಬಿಡಿ. ರೋಗಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.