ನೀಲಿ ಕಲೆಯನ್ನು ಕೆಂಪೆಂದೇ ತಿಳಿಯಿರಿ

1970ರಲ್ಲಿ ‘ಗಿಧಾಡೆ’ ರಂಗಕ್ಕೆ ಬಂದಾಗ ಸೆನ್ಸಾರ್ ಮಂಡಳಿಯ ಕಣ್ಣು ಕುಕ್ಕಿದ್ದು ಒಂದು ಕಲೆ. ಗಿಧಾಡೆ ಎಂದರೆ ರಣಹದ್ದುಗಳು. ಆಸ್ತಿಗಾಗಿ ಒಬ್ಬರನ್ನೊಬ್ಬರು ಹರಿದು ತಿನ್ನುವ ಮನೆಯದು. ಅಣ್ಣತಮ್ಮಂದಿರು ಬಸುರಿ ತಂಗಿಯ ಹೊಟ್ಟೆಗೇ ಒದೆಯುತ್ತಾರೆ. ಅವಳ ಸೀರೆಯ ಮೇಲೆ ಕೆಂಪು ಕಲೆ. ಅದು ಕೂಡದು ಎಂದಿತು ಮಂಡಳಿ. ನಿರ್ದೇಶಕ ಶ್ರೀರಾಮ ಲಾಗೂ ಜಗಳಕ್ಕೆ ನಿಲ್ಲದೆ ಕಲೆಯನ್ನು ನೀಲಿ ಮಾಡಿಸಿದರು. ನಾಟಕ ಶುರುವಾಗುವ ಮೊದಲು ಒಂದು ಪ್ರಕಟಣೆಯನ್ನೂ ಸೇರಿಸಿದರು: ಸೆನ್ಸಾರಿನ ಅಪ್ಪಣೆಯಂತೆ ಕಲೆ ನೀಲಿಯಾಗಿದೆ, ಪ್ರೇಕ್ಷಕರು ಅದನ್ನು ಕೆಂಪೆಂದೇ ತಿಳಿಯಬೇಕು. ಬಹುಶಃ ಯಾರ ಗಮನಕ್ಕೂ ಬಾರದೆ ಹೋಗಬಹುದಾಗಿದ್ದ ಕಲೆಗಾಗಿ ಇಡೀ ಸಭಾಂಗಣ ಕಾದು ಕೂರುವಂತಾಯಿತು.

ಬರೆದವರು ವಿಜಯ ತೆಂಡೂಲ್ಕರ್. 1928ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿ, ಹದಿನಾಲ್ಕರಲ್ಲೇ ಶಾಲೆ ಬಿಟ್ಟು, ಪತ್ರಿಕೆಗಳಲ್ಲಿ ದುಡಿದು ಹೊಟ್ಟೆ ಹೊರೆದವರು. ಸಮಾಜವನ್ನು ತಿವಿಯುವ ನಾಟಕ ಮರಾಠಿಗೆ ಹೊಸದೇನಲ್ಲ. ಮುದುಕನಿಗೆ ಎಳೆಯ ಹುಡುಗಿಯನ್ನು ಕಟ್ಟುವ ಪಿಡುಗಿನ ಮೇಲೆ ದೇವಲರು ‘ಶಾರದಾ’ ಬರೆದದ್ದು 1899ರಲ್ಲಿ. ಆದರೆ ಅಂಥ ನಾಟಕದಲ್ಲಿ ಕೆಟ್ಟವನು ಯಾರೆಂದು ಎಲ್ಲರಿಗೂ ಗೊತ್ತಿರುತ್ತದೆ, ಅವನು ಖಂಡಿತ ನಾವಲ್ಲ. ಅತ್ತು ಹಗುರಾಗಿ ಮನೆಗೆ ಹೋಗಬಹುದು. ತೆಂಡೂಲ್ಕರ್ ಈ ಸೌಕರ್ಯವನ್ನು ಕಿತ್ತುಕೊಂಡರು. ಟಿಕೆಟ್ ಕೊಂಡು ಬಂದವನಿಗೇ ಕಟಕಟೆ ತೋರಿಸಿದರು.

1967ರ ‘ಶಾಂತತಾ! ಕೋರ್ಟ್ ಚಾಲೂ ಆಹೇ’ಯಲ್ಲಿ ಅವರು ಇದನ್ನು ಮಾಡಿದ ಬಗೆ ನೋಡಬೇಕು. ಮುಂಬೈಯ ಹವ್ಯಾಸಿ ತಂಡವೊಂದು ಹಳ್ಳಿಗೆ ಬಂದಿದೆ. ರಾತ್ರಿಗೆ ಅಣಕು ನ್ಯಾಯಾಲಯದ ಪ್ರದರ್ಶನ. ಆರೋಪಿ ಅಮೆರಿಕದ ಅಧ್ಯಕ್ಷ ಜಾನ್ಸನ್, ಅಪರಾಧ ಅಣ್ವಸ್ತ್ರ. ಸಾವಿರಾರು ಮೈಲಿ ದೂರದವನನ್ನು ವಿಚಾರಣೆಗೆಳೆಯುವುದು ಎಷ್ಟು ಸಲೀಸು! ರಾತ್ರಿಯವರೆಗೆ ಹೊತ್ತು ಹೋಗಬೇಕಲ್ಲ, ತಾಲೀಮಿನ ನೆಪದಲ್ಲಿ ಇನ್ನೊಂದು ಆಟ ಹೂಡುತ್ತಾರೆ. ಆರೋಪಿ ಈಗ ತಂಡದ ಶಾಲಾ ಮಾಸ್ತರಿಣಿ ಲೀಲಾ ಬೇಣಾರೆ, ಆರೋಪ ಭ್ರೂಣಹತ್ಯೆ. ನಗುನಗುತ್ತಲೇ ಶುರುವಾದ ಆಟ ಮದುವೆಯಾಗದ ಬೇಣಾರೆಯ ನಿಜವಾದ ಬಸಿರನ್ನು ಕೆದಕತೊಡಗುತ್ತದೆ. ಅವಳು ಎದ್ದು ಹೋಗಲು ನೋಡಿದರೆ ಬಾಗಿಲ ಚಿಲಕ ಹೊರಗಿನಿಂದ ಬಿದ್ದಿದೆ. ಆ ಚಿಲಕವನ್ನು ಯಾವ ದುಷ್ಟನೂ ಹಾಕಿದ್ದಲ್ಲ, ತಾನಾಗಿ ಬಿದ್ದದ್ದು. ನಾಟಕದ ಅತ್ಯಂತ ಕ್ರೂರ ವಿವರ ನನಗೆ ಇದೇ.

ಮಗುವಿನ ತಂದೆ ಪ್ರೊಫೆಸರ್ ದಾಮ್ಲೆ ರಂಗಕ್ಕೆ ಬರುವುದೇ ಇಲ್ಲ. ಅವನ ಕುರ್ಚಿಯನ್ನು ಯಾವ ವಕೀಲನೂ ಪ್ರಶ್ನಿಸುವುದಿಲ್ಲ. ಕೊನೆಗೆ ಬೇಣಾರೆಗೆ ಮಾತಾಡಲು ಹತ್ತು ಸೆಕೆಂಡು ಸಿಗುತ್ತದೆ. ಉಳಿದವರೆಲ್ಲ ನಿಂತಲ್ಲೇ ಕಲ್ಲಾಗುತ್ತಾರೆ, ಅವಳ ದೀರ್ಘ ಸ್ವಗತ ಹರಿಯುತ್ತದೆ. ಮತ್ತೆ ಜೀವ ಬಂದಾಗ ಅವರ ಪಾಲಿಗೆ ಅವಳು ಬಾಯಿಯನ್ನೇ ಬಿಟ್ಟಿಲ್ಲ. ಭ್ರೂಣಹತ್ಯೆಯ ಆರೋಪ ಹೊರಿಸಿದ ನ್ಯಾಯಾಲಯ ಆಕೆಯ ಹೊಟ್ಟೆಯಲ್ಲಿರುವ ಕೂಸನ್ನು ಕೊಲ್ಲಬೇಕೆಂದು ತೀರ್ಪು ಕೊಡುತ್ತದೆ. ಅಷ್ಟರಲ್ಲಿ ಪ್ರದರ್ಶನದ ಹೊತ್ತಾಯಿತು. ಏಳಮ್ಮ, ಮುಖ ತೊಳಕೋ, ಇದು ಬರೀ ಆಟ ಎನ್ನುತ್ತ ಎಲ್ಲರೂ ಚದುರುತ್ತಾರೆ. ಸಾಮಂತ ಎಂಬ ಹಳ್ಳಿಗ ಮಾತ್ರ ತಾನು ತಂದಿದ್ದ ಹಸಿರು ಬಟ್ಟೆಯ ಗಿಣಿಯೊಂದನ್ನು ಅವಳ ಪಕ್ಕದಲ್ಲಿಟ್ಟು ಹೋಗುತ್ತಾನೆ. ಅರವಿಂದ ದೇಶಪಾಂಡೆ ನಿರ್ದೇಶಿಸಿದ ಮೊದಲ ಪ್ರಯೋಗದಲ್ಲಿ ಬೇಣಾರೆ ಆಗಿದ್ದವರು ಸುಲಭಾ ದೇಶಪಾಂಡೆ.

1972ರಲ್ಲಿ ಎರಡು ಸಿಡಿಲು. ಗಂಡ ಬಿಟ್ಟ ಹೆಂಗಸರನ್ನು ಮನೆಗೆ ತಂದಿಟ್ಟುಕೊಳ್ಳುವ ಪುಸ್ತಕ ಕಟ್ಟುವವನ ಕಥೆ ‘ಸಖಾರಾಮ ಬೈಂಡರ್’ ಹೈಕೋರ್ಟ್ ಮೆಟ್ಟಿಲೇರಿ ಗೆದ್ದುಬಂತು. ಪುಣೆಯಲ್ಲಿ ಜಬ್ಬಾರ್ ಪಟೇಲ್ ನಿರ್ದೇಶನದ ‘ಘಾಶೀರಾಮ ಕೊತವಾಲ’ಕ್ಕೆ ಹತ್ತೊಂಬತ್ತು ಪ್ರದರ್ಶನದಲ್ಲೇ ಸ್ವಂತ ಸಂಸ್ಥೆ ತೆರೆ ಎಳೆಯಿತು. ಕಲಾವಿದರು ಹೊರಬಂದು ಥಿಯೇಟರ್ ಅಕಾಡೆಮಿ ಕಟ್ಟಿಕೊಂಡು ಮತ್ತೆ ಆಡಿದರು. ಅದರಲ್ಲಿ ಬ್ರಾಹ್ಮಣರ ಒಂದು ಸಾಲು ಹಾಡುತ್ತ, ಕುಣಿಯುತ್ತ, ಬೇಕೆಂದಾಗ ಗೋಡೆಯಾಗುತ್ತದೆ. ಒಳಗೆ ನಡೆಯುವುದನ್ನು ಮುಚ್ಚಲೂ ಅದೇ, ಇಣುಕಿ ನೋಡಲೂ ಅದೇ. ಸಂಗೀತ ಭಾಸ್ಕರ ಚಂದಾವರ್ಕರ್ ಅವರದು. ನಮ್ಮ ‘ವಂಶವೃಕ್ಷ’ ಚಿತ್ರಕ್ಕೆ ಸಂಗೀತ ಕೊಟ್ಟವರು ಅವರೇ. ಕಾರ್ನಾಡರ ‘ತುಘಲಕ್’ ಅನ್ನು ಮರಾಠಿಗೆ ತಂದವರೂ ತೆಂಡೂಲ್ಕರ್ ಎನ್ನುವುದನ್ನು ನೆನೆದರೆ, ಗಡಿಯ ಆಚೀಚೆ ಆಗ ಕೊಡುಕೊಳ್ಳುವಿಕೆ ಎಷ್ಟು ಚುರುಕಾಗಿತ್ತೆಂದು ತಿಳಿಯುತ್ತದೆ. ಅಧಿಕಾರ ತನಗೆ ಬೇಕಾದ ಗೂಂಡಾನನ್ನು ಸಾಕಿ, ಕೆಲಸ ಮುಗಿದ ಮೇಲೆ ಗುಂಪಿನ ಕೈಗೆ ಕೊಡುತ್ತದೆ ಎಂಬ ಘಾಶೀರಾಮನ ಕಥೆ ಪೇಶ್ವೆಯರ ಕಾಲದ್ದೆಂದು ಯಾರೂ ನಂಬಲಿಲ್ಲ. ನಂಬಿದ್ದರೆ ಅಷ್ಟು ಗಲಾಟೆಯೇ ಆಗುತ್ತಿರಲಿಲ್ಲ.

‘ಕನ್ಯಾದಾನ’ದ ಬಗ್ಗೆ ಮಾತ್ರ ನನಗೆ ತಕರಾರಿದೆ. 1983ರ ಆ ನಾಟಕದಲ್ಲಿ ಸಮಾಜವಾದಿ ಬ್ರಾಹ್ಮಣನ ಮಗಳು ಜ್ಯೋತಿ ದಲಿತ ಕವಿಯನ್ನು ಮದುವೆಯಾಗುತ್ತಾಳೆ, ಅವನು ಅವಳನ್ನು ಹೊಡೆಯುತ್ತಾನೆ. ಅಪ್ಪನ ಆದರ್ಶದ ಟೊಳ್ಳುತನ ಬಯಲಾಗುವುದೇನೋ ಸರಿಯೇ. ಆದರೆ ನಾಟಕ ಒಮ್ಮೆಯೂ ಆ ಬ್ರಾಹ್ಮಣನ ಮನೆಯ ಹೊಸಿಲು ದಾಟಿ ಹುಡುಗನ ಕೇರಿಗೆ ಹೋಗಿ ನೋಡುವುದಿಲ್ಲ. ಬೇಣಾರೆಗೆ ಕೊಟ್ಟ ಹತ್ತು ಸೆಕೆಂಡು ಅವನಿಗೂ ಸಿಗಬೇಕಿತ್ತು. ದಲಿತರು ಸಿಟ್ಟಾದರು, ನಾಟಕಕಾರನ ಮೇಲೆ ಚಪ್ಪಲಿ ಬಿತ್ತು. ಇದೇ ಕೃತಿಗೆ 1993ರ ಸರಸ್ವತಿ ಸಮ್ಮಾನ್ ಬಂದಾಗ ತೆಂಡೂಲ್ಕರ್ ಆ ಚಪ್ಪಲಿಯ ಸಂಗತಿಯನ್ನು ತಾವೇ ಎತ್ತಿ, ಎರಡನ್ನೂ ಒಪ್ಪಿಕೊಂಡಿದ್ದೇನೆ ಎಂಬರ್ಥದ ಮಾತಾಡಿದರು.